ಗುಡುಗಮ್ಮನ ಮುಖಾಮುಖಿ ಕ್ಲಾಸು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಈ ಗಾದೆ ಕಟ್ಟಿದ ಪುಣ್ಯಾತ್ಮ ನರ್ಸಿಂಗ್ ಶಾಲೆಯ ಗುಡುಗಮ್ಮನನ್ನು ನೋಡಿರಲಿಲ್ಲ, ಅಷ್ಟೆ. ಮಾತು ಕಲಿಸುವುದೇ ಅವಳ ಕೆಲಸ, ಆದರೆ ಜಗಳವಿಲ್ಲದೆ ಅವಳಿಗೆ ಒಂದು ದಿನ ಕಳೆದದ್ದಿಲ್ಲ. ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟರೆ ಸಿಟ್ಟು, ಸೀಮೆಸುಣ್ಣ ಮುರಿದರೆ ಸಿಟ್ಟು, ಯಾರೂ ಏನೂ ಮಾಡದಿದ್ದರೆ "ಏನ್ರೇ, ಗರ ಬಡಿದೋರ ಹಾಗೆ ಕೂತಿದ್ದೀರಿ" ಎಂದು ಅದಕ್ಕೂ ಸಿಟ್ಟು. ಅವಳು ಮೇಲಿನ ಮಹಡಿಯಲ್ಲಿ ಹಾಜರಿ ಕೂಗಿದರೆ ಕೆಳಗೆ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತವರು ಬೆಚ್ಚಿ ತಲೆಯೆತ್ತುತ್ತಿದ್ದರು. ಗುಡುಗಮ್ಮ ಎನ್ನುವ ಹೆಸರು ಹುಡುಗಿಯರು ಇಟ್ಟದ್ದು. ಅದು ಅವಳಿಗೂ ಗೊತ್ತಿತ್ತು, ಅದೊಂದಕ್ಕೆ ಮಾತ್ರ ಅವಳು ಸಿಟ್ಟಾಗಲಿಲ್ಲ.

ಆ ಗಂಟಲು ಹುಟ್ಟಿನಿಂದ ಬಂದದ್ದಲ್ಲ, ಮದುವೆಯಿಂದ ಬಂದದ್ದು. ಅವಳ ಯಜಮಾನರು ಚಿಕ್ಕ ವಯಸ್ಸಿನಿಂದ ಕಾರ್ಖಾನೆಯಲ್ಲಿ ತಗಡು ಬಡಿದು ಮದುವೆಗೆ ಮೊದಲೇ ಕಿವಿ ಕಳೆದುಕೊಂಡವರು. ಪೂರ್ತಿ ಕಿವುಡರೇನಲ್ಲ. ಎದುರಿಗೆ ಕೂತು, ತುಟಿ ಕಾಣುವ ಹಾಗೆ, ನಿಧಾನವಾಗಿ ಹೇಳಿದರೆ ಎಲ್ಲ ತಿಳಿಯುತ್ತಿತ್ತು. ಕಷ್ಟ ಏನೆಂದರೆ, ತಿಳಿಯದಿದ್ದಾಗಲೂ ಅವರು ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅವಳು ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತಾ "ಒಲೆ ಮೇಲೆ ಹಾಲಿದೆ, ಉಕ್ಕಿದ ಕೂಡಲೆ ಆರಿಸಿ" ಎಂದು ಹೇಳಿ ಡ್ಯೂಟಿಗೆ ಹೋದಳು. ಅವರು ಹೂಂ ಎಂದು ತಲೆಯಾಡಿಸಿದರು. ಸಂಜೆ ಬಂದು ನೋಡಿದರೆ ಪಾತ್ರೆ ಇದ್ದಿಲಾಗಿತ್ತು, ಅಡುಗೆಮನೆಯ ಗೋಡೆ ಕರ್ರಗಾಗಿತ್ತು, ಯಜಮಾನರು ಹಜಾರದಲ್ಲಿ ಆರಾಮವಾಗಿ ಪೇಪರ್ ಓದುತ್ತಿದ್ದರು.

ಅವತ್ತಿನ ಜಗಳ ಬೀದಿಗೆಲ್ಲ ಕೇಳಿಸಿತಂತೆ, ಅವರೊಬ್ಬರಿಗೆ ಬಿಟ್ಟು. ಮರುದಿನದಿಂದ ಅವಳು ಒಂದು ಕ್ರಮ ಹಿಡಿದಳು. ಎದುರಿಗೆ ಕುಕ್ಕರಿಸುವುದು, ಹೇಳುವುದು, ಆಮೇಲೆ "ನಾನು ಏನಂದೆ, ಹೇಳಿ ನೋಡೋಣ" ಎಂದು ಕೇಳುವುದು. ಅವರು ತಪ್ಪು ಹೇಳಿದರೆ ಮತ್ತೆ ಮೊದಲಿಂದ. ವರ್ಷ ತುಂಬುವುದರೊಳಗೆ ಮನೆಯ ಜಗಳ ಅರ್ಧಕ್ಕರ್ಧ ಕಡಿಮೆಯಾಯಿತು. ಉಳಿದರ್ಧ ಇಬ್ಬರೂ ಬೇಕೆಂದೇ ಇಟ್ಟುಕೊಂಡದ್ದು.

ವಾರ್ಡಿನಲ್ಲಿ ಹದಿನೆಂಟು ವರ್ಷ ಸಿಸ್ಟರ್ ಆಗಿದ್ದಾಗ ಅವಳಿಗೆ ಇನ್ನೊಂದು ಸಂಗತಿ ತಿಳಿಯಿತು. ಬಿಳಿ ಕೋಟಿನ ಮುಂದೆ ಕಿವಿ ನೆಟ್ಟಗಿದ್ದವರೂ ತನ್ನ ಗಂಡನ ಹಾಗೇ ತಲೆಯಾಡಿಸುತ್ತಾರೆ. ಡಾಕ್ಟರು ನಡೆಯುತ್ತಲೇ ನಾಲ್ಕು ಮಾತು ಉದುರಿಸುತ್ತಾರೆ, ಮಂಚದ ಮೇಲಿನವನು ಹೂಂ ಅನ್ನುತ್ತಾನೆ, ಪಕ್ಕದಲ್ಲಿ ನಿಂತ ಮಗಳು ಹೂಂ ಅನ್ನುತ್ತಾಳೆ, ಎಂಟು ದಿನಕ್ಕೆ ಅದೇ ಮನುಷ್ಯ ಮತ್ತೆ ಅದೇ ಮಂಚಕ್ಕೆ ಬರುತ್ತಾನೆ. ಯಾಕಪ್ಪಾ ಅಂದರೆ, ಗುಳಿಗೆ ಬಿಟ್ಟೆ ಅನ್ನುತ್ತಾನೆ. ಯಾಕೆ ಬಿಟ್ಟೆ ಅಂದರೆ, ಬಿಡಬೇಕು ಅಂತ ತಿಳಿದುಕೊಂಡಿದ್ದೆ ಅನ್ನುತ್ತಾನೆ. ಆಗ ಎಲ್ಲರೂ ಸೇರಿ ಅವನನ್ನೇ ಬೈಯುತ್ತಾರೆ. ಗುಡುಗಮ್ಮನ ಮೈ ಉರಿಯುತ್ತಿದ್ದದ್ದು ಇದಕ್ಕೇ.

ಮಂಡಿ ಸವೆದು ವಾರ್ಡ್ ಓಡಾಟ ಆಗದಾದಾಗ ಅವಳನ್ನು ಆಸ್ಪತ್ರೆಯ ಶಾಲೆಗೆ ಹಾಕಿದರು. ಅಲ್ಲಿ ನೋಡಿದರೆ ಒಂದೇ ಬೆಂಚಿನ ಹುಡುಗಿಯರು ಫೋನಿನಲ್ಲಿ ಒಬ್ಬರಿಗೊಬ್ಬರು ಮೆಸೇಜು ಕಳಿಸಿಕೊಂಡು ಕೂತಿದ್ದರು. "ಮೊಣಕೈಗೆ ಮೊಣಕೈ ತಾಗ್ತಾ ಇದೆಯಲ್ರೇ, ಬಾಯಿ ಏನು ಬಾಡಿಗೆಗೆ ಕೊಟ್ಟಿದ್ದೀರಾ?" ಎಂದು ಕೂಗಾಡಿದಳು. ಆ ವಾರವೇ ಹಿಂದಿನ ಪ್ರಿನ್ಸಿಪಾಲರ ಜೊತೆ ಜಗಳವಾಡಿ ಗುರುವಾರದ ಕೊನೆಯ ಪೀರಿಯಡನ್ನು ಗಿಟ್ಟಿಸಿಕೊಂಡಳು. ವೇಳಾಪಟ್ಟಿಯಲ್ಲಿ ಅದಕ್ಕೆ 'ಸಂವಹನ' ಎಂದು ಹೆಸರು. ಹುಡುಗಿಯರ ಬಾಯಲ್ಲಿ ಮುಖಾಮುಖಿ ಕ್ಲಾಸು.

ಬೆಂಚುಗಳನ್ನೆಲ್ಲ ಗೋಡೆಗೆ ತಳ್ಳಿ, ಇಪ್ಪತ್ತನಾಲ್ಕು ಸ್ಟೂಲುಗಳನ್ನು ಜೋಡಿ ಜೋಡಿಯಾಗಿ ಎದುರುಬದುರು ಇಡುವುದು. ಫೋನುಗಳು ಬಾಗಿಲ ಬಳಿಯ ಸ್ಟೀಲ್ ತಟ್ಟೆಯಲ್ಲಿ. ಒಬ್ಬಳು ರೋಗಿ, ಒಬ್ಬಳು ನರ್ಸ್. ಅಥವಾ ಒಬ್ಬಳು ಡಾಕ್ಟರು, ಒಬ್ಬಳು ರೋಗಿಯ ಸಿಡುಕು ಮೋರೆಯ ಅಳಿಯ. ಎದುರಿನವರು ಹೇಳಿದ್ದನ್ನು ಮೊದಲು ನೀನು ಹೇಳಬೇಕು, ಅವರು "ಸರಿ" ಅನ್ನಬೇಕು, ಆಮೇಲೆ ನಿನ್ನ ಉತ್ತರ. ಅವರು "ಅಲ್ಲ" ಅಂದರೆ ಮತ್ತೆ ಕೇಳಿಸಿಕೋ. ರೋಗಿಯ ಜೊತೆ ನಿಂತು ಮಾತಾಡಬೇಡ, ಕೂತು ಮಾತಾಡು. ನಾಲ್ಕು ಜನರ ಎದುರು ಕೇಳುವುದನ್ನು ನಾಲ್ಕು ಜನರ ಎದುರು, ಪಕ್ಕಕ್ಕೆ ಕರೆದು ಕೇಳುವುದನ್ನು ಪಕ್ಕಕ್ಕೆ ಕರೆದು. ಕೇಳಲು ಎಷ್ಟು ಸುಲಭ! ಮೊದಲ ತಿಂಗಳು ಯಾವ ಜೋಡಿಗೂ ಮೂರು ಮಾತು ದಾಟಲಿಲ್ಲ. ಎದುರಿನವಳು ಹೇಳಿದ್ದಕ್ಕೆ ತಮ್ಮದೊಂದು ಬಾಲ ಸೇರಿಸಿಯೇ ಹೇಳುತ್ತಿದ್ದರು. "ಅವಳು ಹಾಗಂದಳೇನೇ? ಅವಳು ಅಂದಿದ್ದನ್ನ ಹೇಳು, ನಿನ್ನ ಪುರಾಣ ಬೇಡ!" ಎಂದು ಗುಡುಗಮ್ಮ ಸ್ಟೂಲುಗಳ ನಡುವೆ ಕುಂಟುತ್ತಾ ಗುಡುಗುತ್ತಿದ್ದಳು.

ಆ ತಂಡದಲ್ಲಿ ಗುಬ್ಬಿ ಎಂದು ಎಲ್ಲರೂ ಕರೆಯುವ ಹುಡುಗಿಯೊಬ್ಬಳಿದ್ದಳು. ಅಪ್ಪ ಲಾರಿ ಡ್ರೈವರ್, ಅಮ್ಮ ಹೊಲಿಗೆಯವಳು, ಮನೆಯಲ್ಲಿ ಮೊದಲು ಹತ್ತನೇ ಕ್ಲಾಸು ದಾಟಿದವಳು ಇವಳೇ. ಬುದ್ಧಿ ಚುರುಕು, ಕೈ ಹಗುರ, ಸೂಜಿ ಚುಚ್ಚಿದರೆ ಮಕ್ಕಳೂ ಅಳುತ್ತಿರಲಿಲ್ಲ. ದನಿ ಮಾತ್ರ ಗಂಟಲಿಂದ ಮೇಲೆ ಬರದು. ಎದುರಿನ ಸ್ಟೂಲಿನವಳೂ ಮುಂದಕ್ಕೆ ಬಾಗಿ ಕೇಳಬೇಕಿತ್ತು. ಆ ದನಿಯನ್ನು ಹೊರಗೆ ತರಲು ಗುಡುಗಮ್ಮ ಎರಡು ವರ್ಷ ಒದ್ದಾಡಿದ್ದಳು. ಕೋಣೆಯ ಈ ಮೂಲೆಯಲ್ಲಿ ಅವಳನ್ನು ಕೂರಿಸಿ, ಆ ಮೂಲೆಯಲ್ಲಿ ತಾನು ಕೂತು, "ಕೇಳಿಸ್ಲಿಲ್ಲ, ನಾನು ನಮ್ಮ ಯಜಮಾನ್ರು ಅಂದ್ಕೊ, ಹೇಳು" ಅನ್ನುತ್ತಿದ್ದಳು. ಮೂರನೇ ವರ್ಷಕ್ಕೆ ಗುಬ್ಬಿಯ ಮಾತು ಮೂಲೆಯಿಂದ ಮೂಲೆಗೆ ಮುಟ್ಟಿತು. ಅವತ್ತು ಗುಡುಗಮ್ಮ ಅವಳನ್ನು ಹೊಗಳಲಿಲ್ಲ. "ಇಷ್ಟಕ್ಕೆ ಎರಡು ವರ್ಷ ಬೇಕಾಯ್ತಾ?" ಎಂದು ಬೈದು, ಸ್ಟಾಫ್ ರೂಮಿಗೆ ಹೋಗಿ ಕಣ್ಣು ಒರೆಸಿಕೊಂಡಳು.

ಕೊನೆಯ ಪರೀಕ್ಷೆಗೆ ಒಂದು ತಿಂಗಳಿತ್ತು, ಆಗ ನಡೆಯಿತು ಈ ರಾಮಾಯಣ.

ಗಂಡಸರ ವಾರ್ಡಿನಲ್ಲಿ ಬೆಳಗಿನ ರೌಂಡ್ಸ್. ಮುಂದೆ ದೊಡ್ಡ ಡಾಕ್ಟರು, ಹಿಂದೆ ಆರು ಜನ ಕಿರಿಯ ಡಾಕ್ಟರುಗಳು, ಅವರ ಹಿಂದೆ ಫೈಲು ಹಿಡಿದ ಗುಬ್ಬಿ. ಒಂಬತ್ತನೇ ಮಂಚದವನಿಗೆ ಅಂದು ಮನೆಗೆ ಹೋಗಲು ಅಪ್ಪಣೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಬಂದಿದ್ದವನು. ದೊಡ್ಡ ಡಾಕ್ಟರು ಅವನ ಹೆಂಡತಿಯ ಕಡೆ ತಿರುಗಿ, "ಎಲ್ಲಾ ಸರಿ ಹೋಗಿದೆಯಮ್ಮ, ಏನೂ ಯೋಚನೆ ಇಲ್ಲ" ಎಂದರು. ಆಮೇಲೆ ಐದು ಗುಳಿಗೆಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ, ಆ ಉಸಿರು ಮುಗಿಯುವ ಮೊದಲೇ ಹತ್ತನೇ ಮಂಚದ ಕಡೆ ಹೆಜ್ಜೆ ಹಾಕಿದರು. ಆಯಮ್ಮ ತಲೆಯಾಡಿಸಿದಳು.

ಗುಬ್ಬಿ ಮಂಚದ ಕಾಲ ಬಳಿ ನಿಂತಿದ್ದವಳು ಅಲ್ಲಿಂದಲೇ ಕೇಳಿಬಿಟ್ಟಳು. ಎರಡು ವರ್ಷ ಕಷ್ಟಪಟ್ಟು ತಂದುಕೊಂಡ ದನಿ ಇಡೀ ವಾರ್ಡಿಗೆ ಕೇಳಿಸಿತು. "ಅಮ್ಮಾ, ಡಾಕ್ಟರ್ ಸಾರ್ ಏನು ಹೇಳಿದ್ರು, ಒಂದ್ಸಲ ಹೇಳಿ ನೋಡೋಣ."

"ಎಲ್ಲಾ ಸರಿ ಹೋಗಿದೆ ಅಂದ್ರು. ಇನ್ನು ಗುಳಿಗೆ ಗಿಳಿಗೆ ಏನೂ ಬೇಡವಲ್ಲ" ಎಂದಳು ಆಯಮ್ಮ, ಮುಖ ತುಂಬ ನಗುತ್ತಾ.

ಆರು ಜನ ಕಿರಿಯ ಡಾಕ್ಟರುಗಳಲ್ಲಿ ಇಬ್ಬರು ಕಿಸಕ್ಕನೆ ನಕ್ಕರು. ಉಳಿದವರಿಗೂ ತಡೆಯಲಾಗಲಿಲ್ಲ, ಆಚೀಚೆ ಮಂಚದವರೂ ನಕ್ಕರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ಒಂದು ವಾರ ತಪ್ಪಿದ್ದರೆ ಆ ಮನುಷ್ಯ ಹೆಣವಾಗಬಹುದಿತ್ತು. ಅದು ಯಾರಿಗೂ ಹೊಳೆಯಲಿಲ್ಲ. ದೊಡ್ಡ ಡಾಕ್ಟರಿಗೆ ಹೊಳೆದದ್ದು ಒಂದೇ, ತನ್ನ ಮಾತು ಮುಟ್ಟಿಲ್ಲವೆಂದು ತನ್ನ ಶಿಷ್ಯರ ಎದುರು ಒಬ್ಬ ಟ್ರೈನಿ ಹುಡುಗಿ ತೋರಿಸಿಕೊಟ್ಟಳು.

"ನನಗೇ ಪರೀಕ್ಷೆ ಮಾಡ್ತೀಯಾ?" ಎಂದರು. ಮಧ್ಯಾಹ್ನದ ಹೊತ್ತಿಗೆ ಶಾಲೆಗೆ ಅವರ ಚೀಟಿ ಬಂತು. ಹುಡುಗಿ ಬರುವ ಸೋಮವಾರದ ರೌಂಡ್ಸಿನಲ್ಲಿ, ಅದೇ ಮಂಚದ ಬಳಿ, ಎಲ್ಲರ ಎದುರು ಕ್ಷಮೆ ಕೇಳಬೇಕು. ಇಲ್ಲದಿದ್ದರೆ ಅವಳ ವಾರ್ಡ್ ಪುಸ್ತಕಕ್ಕೆ ತಾನು ಸಹಿ ಹಾಕುವುದಿಲ್ಲ. ಆ ಸಹಿ ಇಲ್ಲದೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಪರೀಕ್ಷೆ ತಪ್ಪಿದರೆ ಆರು ತಿಂಗಳು, ಮತ್ತೆ ಅವರದೇ ವಾರ್ಡು, ಮತ್ತೆ ಅವರದೇ ಸಹಿ.

ಈಗಿನ ಪ್ರಿನ್ಸಿಪಾಲರು ಒಂದು ಕಾಲದಲ್ಲಿ ಗುಡುಗಮ್ಮನ ಕೈಕೆಳಗೆ ಬ್ಯಾಂಡೇಜ್ ಸುತ್ತಲು ಕಲಿತವರು. ಮೃದು ಮನುಷ್ಯೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದರಲ್ಲಿ ಪಳಗಿದ ಕೈ.

"ಅಕ್ಕಾ, ಹುಡುಗಿ ತಪ್ಪು ಮಾಡಿದ್ಲು ಅಂತ ನಾನು ಹೇಳ್ತಾ ಇಲ್ಲ. ಆದ್ರೆ ದೊಡ್ಡೋರನ್ನ ಎದುರು ಹಾಕ್ಕೊಂಡು ಆಗತ್ತಾ ಹೇಳಿ. ಎರಡು ಸಾಲು ಬರೆದಿದ್ದೀನಿ. ಮಾತು ಕಲಿಸೋರು ನೀವೇ ತಾನೆ, ಇದನ್ನೂ ಒಂದು ಕಲಿಸಿಬಿಡಿ."

"ಏನನ್ನ ಕಲಿಸಲಿ? ಸುಳ್ಳು ಹೇಳೋದನ್ನಾ?" ಗುಡುಗಮ್ಮನ ದನಿಗೆ ಮೇಜಿನ ಮೇಲಿನ ಗಾಜಿನ ಲೋಟ ಝಲ್ಲೆಂದಿತು. "ಜೀವ ಉಳಿಸಿದ್ದಕ್ಕೆ ಕ್ಷಮೆ ಕೇಳ್ಬೇಕಾ ಅವಳು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ನ್ಯಾಯ ನಿಮ್ಮದು!"

"ಪರೀಕ್ಷೆ ಅಕ್ಕಾ" ಎಂದರು ಪ್ರಿನ್ಸಿಪಾಲರು. ಗುಡುಗಮ್ಮ ಎರಡು ಸಾಲಿನ ಆ ಚೀಟಿಯನ್ನು ಕಿತ್ತುಕೊಂಡು ಹೊರಗೆ ಬಂದಳು.

ಮೂರು ದಿನ ಅವಳ ಬಾಯಿಗೆ ಬಿಡುವಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಬೈದಳು, ಮೆಟ್ಟಿಲಲ್ಲಿ ಬೈದಳು, ಗುಬ್ಬಿಯನ್ನು ಕೂರಿಸಿಕೊಂಡು ಅವಳೆದುರೇ ದೊಡ್ಡ ಡಾಕ್ಟರ ಜನ್ಮ ಜಾಲಾಡಿದಳು. ಗುಬ್ಬಿ "ಮೇಡಂ, ಅದು..." ಎಂದಾಗಲೆಲ್ಲ "ನೀನು ಸುಮ್ಮನಿರು, ನಿನಗೇನೂ ಆಗೋಕೆ ಬಿಡಲ್ಲ ನಾನು" ಎನ್ನುತ್ತಿದ್ದಳು. ಬುಧವಾರ ಸಂಜೆ ಮನೆಯಲ್ಲಿ ಯಜಮಾನರ ಎದುರು ಕೂತು ಇಡೀ ಕಥೆಯನ್ನು ಮತ್ತೆ ಒದರಿದಳು. ಅವರು ಅವಳ ತುಟಿ ನೋಡುತ್ತಾ ಎಲ್ಲ ಕೇಳಿ, ಕ್ರಮ ತಪ್ಪದೆ ಎಲ್ಲವನ್ನೂ ತಿರುಗಿ ಹೇಳಿ, ಆಮೇಲೆ ಕೇಳಿದರು.

"ಆ ಹುಡುಗಿ ಏನಂತಾಳೆ?"

"ಅವಳೇನಂತಾಳೆ? ಅವಳಿಗೂ ಅದೇ ಉರಿ."

"ಹಾಗಂದ್ಲಾ?"

"ಅನ್ನೋದು ಬೇರೆ ಬೇಕಾ! ನಿಮ್ಮ ತಲೆ!" ಎಂದು ಗುಡುಗಮ್ಮ ಧಡಾರನೆ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು.

ಗುರುವಾರ ಬಂತು. ಬೆಂಚುಗಳು ಗೋಡೆಗೆ ಸರಿದವು. ಅವತ್ತು ನಡುವೆ ಎರಡೇ ಸ್ಟೂಲು. ಒಂದರಲ್ಲಿ ಗುಬ್ಬಿ. ಇನ್ನೊಂದರಲ್ಲಿ ದೊಡ್ಡ ಡಾಕ್ಟರಾಗಿ ಗುಡುಗಮ್ಮ. ಉಳಿದ ಹುಡುಗಿಯರು ಗೋಡೆಗೆ ಒರಗಿ ನಿಂತರು, ಎಲ್ಲರ ಮುಖವೂ ದುಮುಗುಡುತ್ತಿತ್ತು. ತಾನು ಮಾಡುತ್ತಿರುವುದು ಹೇಸಿಗೆ ಕೆಲಸವೆಂದು ಗುಡುಗಮ್ಮನಿಗೆ ಗೊತ್ತಿತ್ತು. ಆದರೆ ಪರೀಕ್ಷೆ! ಲಾರಿ ಡ್ರೈವರನ ಮಗಳಿಗೆ ಆರು ತಿಂಗಳು ಎಂದರೇನು ಎಂಬುದೂ ಗೊತ್ತಿತ್ತು. ಮುಗಿಸಿಬಿಡೋಣ ಎಂದು ಹಲ್ಲು ಕಚ್ಚಿದಳು.

"ಹೇಳು."

ಗುಬ್ಬಿ ಚೀಟಿಯಲ್ಲಿದ್ದದ್ದನ್ನು ಸ್ಪಷ್ಟವಾಗಿ ಹೇಳಿದಳು. "ಸಾರ್, ಅಂದು ರೋಗಿಯ ಕಡೆಯವರ ಎದುರು ನಿಮ್ಮ ಮಾತನ್ನು ಪ್ರಶ್ನಿಸಿ ಅಗೌರವ ತೋರಿದ್ದಕ್ಕೆ ಕ್ಷಮೆ ಕೋರುತ್ತೇನೆ. ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ."

ಈಗ ಕ್ಲಾಸಿನ ಕ್ರಮದಂತೆ ಗುಡುಗಮ್ಮ ಅದನ್ನು ತಿರುಗಿ ಹೇಳಬೇಕಿತ್ತು. ಬಾಯಿ ತೆರೆದಳು. "ನೀನು ಹೇಳಿದ್ದು... ರೋಗಿ ಕಡೆಯೋರಿಗೆ ಅರ್ಥ ಆಯ್ತಾ ಅಂತ ಕೇಳಿದ್ದು ತಪ್ಪು. ಇನ್ನು ಮುಂದೆ ಯಾವತ್ತೂ ಕೇಳಲ್ಲ." ತನ್ನ ಬಾಯಿಂದ ಬಂದ ಮಾತನ್ನು ತಾನೇ ಕೇಳಿಸಿಕೊಂಡಳು. ಥೂ! ಇದನ್ನು ಕಲಿಸಲಿಕ್ಕೇ ಇಷ್ಟು ವರ್ಷ ಗಂಟಲು ಹರಿದುಕೊಂಡದ್ದೇ? ಆದರೂ ಕೊನೆಯ ಮಾತನ್ನು ಕೇಳಿದಳು. "ಸರಿನಾ?"

"ಅಲ್ಲ" ಎಂದಳು ಗುಬ್ಬಿ.

"ಅಲ್ಲ ಅಂದ್ರೆ?"

"ಅಲ್ಲ ಮೇಡಂ. ಮೂರು ದಿನದಿಂದ ಹೇಳ್ಬೇಕು ಅಂತ ಇದ್ದೀನಿ, ನೀವು ಬಾಯಿ ತೆಗೆಯೋಕೇ ಬಿಡಲಿಲ್ಲ. ನಾನು ಕ್ಷಮೆ ಕೇಳಲೇಬೇಕು. ಆದ್ರೆ ಡಾಕ್ಟರಿಗಲ್ಲ. ಆ ಅಮ್ಮನಿಗೆ."

ಗುಡುಗಮ್ಮನಿಗೆ ತಲೆಬುಡ ತಿಳಿಯಲಿಲ್ಲ. "ಯಾವ ಅಮ್ಮ?"

"ಒಂಬತ್ತನೇ ಮಂಚದೋರು. ಅವರ ಯಜಮಾನರಿಗೆ ಅವತ್ತೇ ಜ್ವರ ಬಂದು ಇನ್ನೂ ಇಲ್ಲೇ ಇದ್ದಾರೆ. ನಾನು ಕೂತು ಕೇಳ್ಬೇಕಿತ್ತು ಮೇಡಂ. ಡಾಕ್ಟರು ಆ ಕಡೆ ಹೋದ ಮೇಲೆ ಪಕ್ಕದಲ್ಲಿ ಕೂತು ಕೇಳಿದ್ರೆ ಆಗ್ತಿತ್ತು. ನಿಂತುಕೊಂಡು, ಎಲ್ಲರಿಗೂ ಕೇಳೋ ಹಾಗೆ ಕೂಗಿದೆ. ಎಲ್ಲರೂ ಅವರನ್ನ ನೋಡಿ ನಕ್ಕರು. ಈಗ ಯಾರು ಹೋದರೂ ಅವರು ಗೋಡೆ ಕಡೆ ತಿರುಗಿಬಿಡ್ತಾರೆ. ಒಂದು ಮಾತೂ ಕೇಳಲ್ಲ. ಕೇಳಿದ್ರೆ ಮತ್ತೆ ನಗ್ತಾರೆ ಅಂತ ಹೆದರಿಕೆ."

ಇಪ್ಪತ್ಮೂರು ಹುಡುಗಿಯರು ಗುಡುಗಮ್ಮನನ್ನೇ ನೋಡುತ್ತಿದ್ದರು. ಅವಳು ತಿರುಗಿ ಹೇಳಬೇಕಿತ್ತಲ್ಲ.

"ನೀನು ಹೇಳಿದ್ದು, ಆ ದುರಹಂಕಾರಿ ಡಾಕ್ಟರಿಂದಾಗಿ ಆಯಮ್ಮನಿಗೆ..."

"ಅಲ್ಲ ಮೇಡಂ. ಡಾಕ್ಟರ ಸುದ್ದಿ ನಾನು ಎತ್ತಲೇ ಇಲ್ಲ."

"ಸರಿ. ನಕ್ಕೋರದು ತಪ್ಪು..."

"ನಾನು ಹಾಗೂ ಹೇಳಲಿಲ್ಲ."

ಗೋಡೆಯ ಕಡೆಯಿಂದ ಯಾರೋ ಮೆಲ್ಲಗೆ "ಅವಳು ಅಂದಿದ್ದನ್ನ ಹೇಳಿ ಮೇಡಂ, ನಿಮ್ಮ ಪುರಾಣ ಬೇಡ" ಎಂದಳು. ಬೇರೆ ದಿನವಾಗಿದ್ದರೆ ಆ ಹುಡುಗಿಯ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಗುಡುಗಮ್ಮ ತಲೆ ತಗ್ಗಿಸಿದಳು. ಸಿಟ್ಟು ಇನ್ನೂ ಇತ್ತು, ಆದರೆ ಈಗ ಅದು ತನ್ನ ಕಡೆಗೇ ತಿರುಗಿತ್ತು. ಆ ಡಾಕ್ಟರನ್ನು ಬೈಯುವ ಭರದಲ್ಲಿ ಆ ಹೆಂಗಸು ತನ್ನ ನೆನಪಿಗೇ ಬಂದಿರಲಿಲ್ಲ. ಎದುರಿಗೆ ಕೂತ ಹುಡುಗಿಯ ಮಾತನ್ನೂ ಕೇಳಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವಳು! ಯಜಮಾನರು ಕೇಳಿದ ಒಂದು ಮಾತಿಗೆ ಧಡಾರನೆ ಎದ್ದು ಹೋಗಿದ್ದವಳು!

ಮೂರನೇ ಸಲ ನಿಧಾನವಾಗಿ ಹೇಳಿದಳು. "ನೀನು ಕೇಳಿದ್ದು ತಪ್ಪಲ್ಲ. ಕೇಳಿದ ರೀತಿ ತಪ್ಪು. ಅದರಿಂದ ಆ ಅಮ್ಮನಿಗೆ ಅವಮಾನ ಆಯ್ತು. ಅವರ ಹತ್ರ ಕ್ಷಮೆ ಕೇಳ್ಬೇಕು."

"ಸರಿ ಮೇಡಂ" ಎಂದಳು ಗುಬ್ಬಿ. ಅವಳ ಕಣ್ಣಲ್ಲಿ ನೀರಿತ್ತು.

"ಡಾಕ್ಟರು ಸಹಿ ಹಾಕದೆ ಹೋದ್ರೆ?"

"ಆರು ತಿಂಗಳು. ಅಪ್ಪನಿಗೆ ಹೇಳಿದ್ದೀನಿ. ಎರಡು ದಿನ ಮಾತಾಡಲಿಲ್ಲ, ಆಮೇಲೆ ಸುಳ್ಳು ಹೇಳಿ ಬರಬೇಡ ಅಂದ್ರು."

ಗುಡುಗಮ್ಮ ಪ್ರಿನ್ಸಿಪಾಲರ ಚೀಟಿಯನ್ನು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದಳು.

ಸೋಮವಾರ ಬೆಳಿಗ್ಗೆ ಮಂಡಿ ನೋವನ್ನೂ ಲೆಕ್ಕಿಸದೆ ಎರಡು ಮಹಡಿ ಹತ್ತಿ ಅವಳು ವಾರ್ಡಿಗೆ ಹೋದಳು. ದೊಡ್ಡ ಡಾಕ್ಟರು ಒಂಬತ್ತನೇ ಮಂಚದ ಬಳಿ ಕೈಕಟ್ಟಿ ನಿಂತರು, ಆರು ಜನ ಹಿಂದೆ. ಆಯಮ್ಮ ಎಂದಿನಂತೆ ಗೋಡೆಯ ಕಡೆ ಮುಖ ಮಾಡಿದ್ದಳು. ಗುಬ್ಬಿ ವಾರ್ಡ್ ಪುಸ್ತಕವನ್ನು ಡಾಕ್ಟರ ಕೈಗೆ ಕೊಟ್ಟಳು. ಆಮೇಲೆ ಅವರನ್ನು ದಾಟಿ ಹೋಗಿ, ಮಂಚದ ಕೆಳಗಿಂದ ಸ್ಟೂಲು ಎಳೆದು, ಆಯಮ್ಮನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

"ಅಮ್ಮಾ, ಅವತ್ತು ಎಲ್ಲರ ಎದುರು ನಿಮ್ಮನ್ನ ಕೇಳಿಬಿಟ್ಟೆ. ಎಲ್ಲರೂ ನಕ್ಕರು. ನಿಮಗೆ ನೋವಾಯ್ತು. ನನ್ನದು ತಪ್ಪಾಯ್ತಮ್ಮ. ಡಾಕ್ಟರು ಹೇಳಿದ್ದು ತಿಳಿಯದೆ ಇದ್ದದ್ದು ನಿಮ್ಮ ದಡ್ಡತನ ಅಲ್ಲ. ಅಷ್ಟು ಬೇಗ ಹೇಳಿದ್ರೆ ನನಗೂ ತಿಳಿಯಲ್ಲ. ಗುಳಿಗೆ ಮಾತ್ರ ಒಂದು ದಿನವೂ ಬಿಡಬಾರದಮ್ಮ, ಬಿಟ್ಟರೆ ಇವರ ಜೀವಕ್ಕೇ ಅಪಾಯ."

ಆಯಮ್ಮ ನಿಧಾನವಾಗಿ ಈ ಕಡೆ ತಿರುಗಿದಳು.

ಗುಬ್ಬಿ ಎದ್ದು ಡಾಕ್ಟರ ಎದುರಿಗೆ ಬಂದಳು. "ಸಾರ್, ನಿಮ್ಮ ಜೂನಿಯರ್‌ಗಳ ಎದುರು ನಿಮಗೆ ಮುಜುಗರ ಆಯ್ತು. ಪಕ್ಕಕ್ಕೆ ಹೋಗಿ ಕೇಳ್ಬೇಕಿತ್ತು, ಅದಕ್ಕೆ ಕ್ಷಮಿಸಿ. ಕೇಳಿದ್ದಕ್ಕೆ ಮಾತ್ರ ಕ್ಷಮೆ ಕೇಳಲ್ಲ. ಅದನ್ನ ನಾಳೆನೂ ಕೇಳ್ತೀನಿ." ದನಿ ಬಾಗಿಲ ತನಕ ಮುಟ್ಟಿತು.

ದೊಡ್ಡ ಡಾಕ್ಟರ ಮುಖ ಕೆಂಪಗಾಯಿತು. ಗುಬ್ಬಿಯನ್ನು ಬಿಟ್ಟು ಗುಡುಗಮ್ಮನ ಕಡೆ ತಿರುಗಿದರು. "ಇದನ್ನೇನಾ ನೀವು ಅಲ್ಲಿ ಕಲಿಸೋದು? ಉದ್ಧಟತನ!"

ಗುಡುಗಮ್ಮನ ಎದೆಯಲ್ಲಿ ಒಂದು ವಾರದ ಬೈಗುಳ ಸಾಲುಗಟ್ಟಿ ನಿಂತಿತ್ತು. ಕಿಟಕಿ ಗಾಜು ಒಡೆಯುವಂತೆ ಕೂಗಬಹುದಿತ್ತು. ಅವಳು ಅವರ ಎದುರಿಗೆ ಬಂದು, ತುಟಿ ಕಾಣುವ ಹಾಗೆ ನಿಂತು, ಮೆಲ್ಲಗೆ ಕೇಳಿದಳು.

"ಸಾರ್, ಅವಳು ಈಗ ಏನು ಹೇಳಿದ್ಲು, ಒಂದ್ಸಲ ಹೇಳ್ತೀರಾ?"

"ಏನು ಹೇಳೋದು? ತಾನು ಏನೂ ತಪ್ಪೇ ಮಾಡಿಲ್ಲ ಅಂದ್ಲು!"

"ಅಲ್ಲ ಸಾರ್. ಹಾಗನ್ನಲಿಲ್ಲ. ಇನ್ನೊಂದ್ಸಲ ಪ್ರಯತ್ನ ಮಾಡಿ."

ಆ ವಾರ್ಡಿನಲ್ಲಿ ಅವರಿಗೆ "ಅಲ್ಲ" ಎಂದವರು ಅದುವರೆಗೆ ಯಾರೂ ಇರಲಿಲ್ಲ. ಹೇಳಲು ಅವರಿಗೆ ಏನೂ ಇರಲಿಲ್ಲ, ಏಕೆಂದರೆ ಅವರು ಕೇಳಿಸಿಕೊಂಡೇ ಇರಲಿಲ್ಲ. ಆರು ಜನ ಕಿರಿಯರು ನೆಲ ನೋಡುತ್ತಾ ನಿಂತರು. ಈ ಸಲ ಯಾರೂ ನಗಲಿಲ್ಲ.

"ನಾನು ಹೇಳಲಾ?" ಎಂದಳು ಆಯಮ್ಮ.

ಎಲ್ಲರೂ ತಿರುಗಿದರು. ಅವಳು ಎದ್ದು ನಿಂತು, ಗಂಡನ ಮಂಚದ ಕಂಬಿ ಹಿಡಿದುಕೊಂಡು ಹೇಳಿದಳು. "ಎಲ್ಲರ ಎದುರಿಗೆ ಕೇಳಿದ್ದು ತಪ್ಪಾಯ್ತು, ಪಕ್ಕಕ್ಕೆ ಹೋಗಿ ಕೇಳ್ಬೇಕಿತ್ತು, ಅದಕ್ಕೆ ಕ್ಷಮಿಸಿ ಅಂದ್ಲು. ಕೇಳಿದ್ದೇ ತಪ್ಪು ಅಂತ ಒಪ್ಪಲ್ಲ, ನಾಳೆನೂ ಕೇಳ್ತೀನಿ ಅಂದ್ಲು. ಸರಿನಾ ಮಗಳೇ?"

"ಸರಿ ಅಮ್ಮಾ."

"ಹಾಗಾದ್ರೆ ನನ್ನದೂ ಒಂದು ಇದೆ" ಎಂದು ಆಯಮ್ಮ ಡಾಕ್ಟರ ಕಡೆ ತಿರುಗಿದಳು. "ಅವತ್ತು ಈ ಹುಡುಗಿ ಕೇಳದೆ ಇದ್ದಿದ್ರೆ ನಾನು ಮನೆಗೆ ಹೋಗಿ ಗುಳಿಗೆ ಎಲ್ಲಾ ಬಿಸಾಕ್ತಿದ್ದೆ. ಇವರು ಸಾಯ್ತಿದ್ರು. ನೀವು ನನ್ನನ್ನೇ ಬೈತಿದ್ರಿ. ನಾನು ಏನಂದೆ, ಹೇಳಿ ಸಾರ್."

ದೊಡ್ಡ ಡಾಕ್ಟರು ಹೇಳಲಿಲ್ಲ. ವಾರ್ಡ್ ಪುಸ್ತಕವನ್ನು ಮಂಚದ ಕಾಲ ಬಳಿ ಇಟ್ಟು, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಹತ್ತನೇ ಮಂಚಕ್ಕೆ ನಡೆದರು. ಗುಬ್ಬಿಯ ಹೆಸರಿನ ಮುಂದಿನ ಜಾಗ ಖಾಲಿಯೇ ಉಳಿಯಿತು.

ಕಥೆಯಾಗಿದ್ದರೆ ಇಲ್ಲಿ ಅವರ ಮನಸ್ಸು ಕರಗಬೇಕಿತ್ತು. ಕರಗಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಎಲ್ಲಿ ಕರಗುತ್ತಾರೆ! ಅದೇ ವಾರ ವೇಳಾಪಟ್ಟಿಯಿಂದ ಮುಖಾಮುಖಿ ಕ್ಲಾಸು ಮಾಯವಾಯಿತು. ಅದರ ಬದಲು ಕಂಪ್ಯೂಟರ್ ಕೋಣೆಯಲ್ಲಿ ವಿಡಿಯೋ ಪಾಠ. ಹುಡುಗಿಯರು ಸಾಲಾಗಿ, ಒಬ್ಬರ ಬೆನ್ನು ಒಬ್ಬರಿಗೆ ಕಾಣುವಂತೆ ಕೂತು, ಕಿವಿಗೆ ವಯರು ಸಿಕ್ಕಿಸಿಕೊಂಡು, 'ರೋಗಿ ಅಳುತ್ತಿದ್ದರೆ ನೀವು ಏನು ಮಾಡುತ್ತೀರಿ' ಎಂಬ ಪ್ರಶ್ನೆಗೆ ನಾಲ್ಕರಲ್ಲಿ ಒಂದು ಉತ್ತರ ಒತ್ತಬೇಕು. ಎಲ್ಲರಿಗೂ ನೂರಕ್ಕೆ ನೂರು ಬಂತು.

"ಅಕ್ಕಾ, ನನ್ನ ಕೈಯಲ್ಲಿ ಏನಿದೆ ಹೇಳಿ" ಎಂದರು ಪ್ರಿನ್ಸಿಪಾಲರು.

"ಪೆನ್ ಇದೆ" ಎಂದಳು ಗುಡುಗಮ್ಮ. "ನಿನ್ನ ಕೈಯಲ್ಲೂ ಒಂದು ಪೆನ್ ಇದೆ. ಮೇಲಿನೋರಿಗೆ ಬರೀಬಹುದಿತ್ತು. ನೀನು ಬರೆದದ್ದು ಆ ಎರಡು ಸಾಲು."

ಪರೀಕ್ಷೆಯ ದಿನ ಇಪ್ಪತ್ಮೂರು ಹುಡುಗಿಯರು ಹಾಲಿನಲ್ಲಿ ಕೂತು ಬರೆದರು. ಗುಡುಗಮ್ಮ ಅಲ್ಲಿ ಮೇಲ್ವಿಚಾರಣೆಗೆ ಹೋಗಲಿಲ್ಲ, ಮಂಡಿ ನೋವು ಎಂದು ಚೀಟಿ ಕಳಿಸಿದಳು. ಅದೇ ಮಂಡಿಯಲ್ಲಿ ಎರಡು ಮಹಡಿ ಹತ್ತಿ ಗಂಡಸರ ವಾರ್ಡಿಗೆ ಹೋದಳು. ಬಾಗಿಲಲ್ಲೇ ನಿಂತಳು. ಗುಬ್ಬಿ ಎರಡನೇ ಮಂಚದ ಬಳಿ ಸ್ಟೂಲಿನಲ್ಲಿ ಕೂತಿದ್ದಳು. ಎದುರಿಗೆ ರೋಗಿಯ ಮಗ, ಕೈಯಲ್ಲಿ ಗುಳಿಗೆಯ ಚೀಟಿ. ಅವನು ಬೆರಳು ಮಡಚಿ ಮಡಚಿ ಹೇಳುತ್ತಿದ್ದ, ಮೂರನೆಯದಕ್ಕೆ ತಡವರಿಸಿದ. ಗುಬ್ಬಿ ಅವಸರ ಮಾಡಲಿಲ್ಲ. ಅವಳ ಹಿಂದೆ, ಅವತ್ತು ಮೊದಲು ಕಿಸಕ್ಕನೆ ನಕ್ಕಿದ್ದ ಇಬ್ಬರು ಕಿರಿಯ ಡಾಕ್ಟರುಗಳಲ್ಲಿ ಒಬ್ಬ ಫೈಲು ಹಿಡಿದು, ಆ ಮಗ ಹೇಳಿ ಮುಗಿಸಲಿ ಎಂದು ಕಾಯುತ್ತಾ ನಿಂತಿದ್ದ.

ನೋಡಿ ಗುಡುಗಮ್ಮನಿಗೆ ಸಂತೋಷವಾಗಲಿಲ್ಲವೆಂದಲ್ಲ. ಆದರೆ ಅದಕ್ಕಿಂತ ಮೊದಲು ಬಂದದ್ದು ಸಿಟ್ಟು. ಇಷ್ಟಕ್ಕಾ? ಎದುರಿಗೆ ಕೂತು ಒಬ್ಬ ಮನುಷ್ಯನನ್ನು "ನಿಮಗೆ ಏನು ತಿಳಿಯಿತು" ಎಂದು ಕೇಳಿದ ಇಷ್ಟು ಮಾತಿಗೆ ಈ ಹುಡುಗಿಯ ಆರು ತಿಂಗಳಾ? ಆ ಸಿಟ್ಟು ಅವಳಿಗೆ ಇವತ್ತಿಗೂ ಇಳಿದಿಲ್ಲ. ಇಳಿಯುವುದೂ ಬೇಡ.